ಕೊಬ್ಬರಿ ಹಾರಕ್ಕೆ ಕೊನೆಯ ಸ್ಥಾನ

ಗಂಡನ ಮನೆಯಲ್ಲಿ ರಾಜಶ್ರೀ ದಿನವಿಡೀ ಆಡುತ್ತಿದ್ದ ಮಾತನ್ನು ಒಂದು ಬೊಗಸೆಯಲ್ಲಿ ಹಿಡಿಯಬಹುದಿತ್ತು. ‘ಹೂಂ ರಿ’, ‘ಆತ್ರಿ’, ‘ಬಂದೆ ರಿ’, ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ’. ಇಷ್ಟರಲ್ಲೇ ಎರಡು ವರ್ಷದ ಸಂಸಾರ ನಡೆದಿತ್ತು. ಹಾಗೆಂದು ಅವಳು ಮೂಕಿಯಲ್ಲ. ಶಿಗ್ಗಾಂವದ ತವರಿನಲ್ಲಿದ್ದಾಗ ಅವಳ ಬಾಯಿಗೆ ಹೆದರಿ ಕಾಯಿಪಲ್ಲೆಯವನು ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದ. ಅಂಥ ಬಾಯಿ ಅಕ್ಕಿಆಲೂರಿನ ಆಚೆಯ ಈ ಹಳ್ಳಿಗೆ ಮದುವೆಯಾಗಿ ಬಂದ ದಿನವೇ ಬೀಗ ಹಾಕಿಕೊಂಡಿತು.

ಹಾಕಿದವರು ಯಾರೆಂದು ಕೇಳಿದರೆ ಹೆಸರು ಹೇಳುವುದು ಕಷ್ಟ. ಸೊಸೆಯ ಧ್ವನಿ ಪಡಸಾಲೆಗೆ ಕೇಳಬಾರದು ಎನ್ನುವುದು ಆ ಮನೆಯ ರೀತಿ. ಅತ್ತೆ ವೀರವ್ವ ಬಂದಾಗಲೂ ಹಾಗೇ ಇತ್ತು, ಅವಳ ಅತ್ತೆ ಬಂದಾಗಲೂ ಹಾಗೇ ಇತ್ತು. ಮಾವ ಫಕ್ಕೀರಪ್ಪ ಸೊಸೆಗೆ ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದರು, ಸೊಸೆ ಕೇಳಿಸಿಕೊಳ್ಳುತ್ತಿದ್ದಳು. ಗಂಡ ಪರಮೇಶ ಒಳ್ಳೆಯವನೇ. ಉಂಡು ಕೈ ತೊಳೆದು ಮೊಬೈಲು ಹಿಡಿದರೆ ಮಲಗುವ ತನಕ ಅದರ ಮುಖ ಬಿಟ್ಟು ಬೇರೆ ಮುಖ ನೋಡುವವನಲ್ಲ, ಅಷ್ಟೇ. ಬೈದವರಿಲ್ಲ, ಹೊಡೆದವರಿಲ್ಲ. ಬೈದಿದ್ದರೆ ತವರಿಗೆ ಹೋಗಿ ದೂರಾದರೂ ಹೇಳಬಹುದಿತ್ತು. ಹಬ್ಬಕ್ಕೆ ಇಳಕಲ್ಲ ಸೀರೆ ತಂದು, ಹೊಟ್ಟೆ ತುಂಬ ಉಣ್ಣಿಸಿ, ಜ್ವರ ಬಂದರೆ ಹಾನಗಲ್ಲಿಗೆ ಕಾರಿನಲ್ಲಿ ಕರೆದೊಯ್ಯುವವರ ಮೇಲೆ ಏನೆಂದು ದೂರುವುದು? ಮನೆಯಲ್ಲಿ ಅವಳಿಗೆ ಉಸಿರುಗಟ್ಟುತ್ತಿತ್ತು, ಮತ್ತು ಅದನ್ನು ಹೇಳಿದರೆ ಕೇಳಿದವರು ನಗುತ್ತಿದ್ದರು.

ಹಾಗಾಗಿ ಅವಳು ಭತ್ತದ ಕೋಣೆಯಲ್ಲಿ ಮಾತಾಡುತ್ತಿದ್ದಳು. ಮಧ್ಯಾಹ್ನ ಊಟವಾಗಿ ಅತ್ತೆ ಅಡ್ಡಾದ ಮೇಲೆ, ಗಂಡಸರು ಗದ್ದೆಗೋ ಗಿರಣಿಗೋ ಹೋದ ಮೇಲೆ, ಅಕ್ಕಿ ಹಸನು ಮಾಡುವ ನೆಪದಲ್ಲಿ ಮೊರ ಹಿಡಿದು ಒಳಗೆ ಹೋಗಿ ಬಾಗಿಲು ಮುಂದೂಡುತ್ತಿದ್ದಳು. ನಾಲ್ಕೂ ಕಡೆ ಚೀಲಗಳ ಅಟ್ಟಿ. ಚೀಲಗಳು ಧ್ವನಿಯನ್ನು ಹೊರಗೆ ಬಿಡುತ್ತಿರಲಿಲ್ಲ, ಒಳಗೆ ಪ್ರತಿಧ್ವನಿಯೂ ಏಳುತ್ತಿರಲಿಲ್ಲ. ಅಲ್ಲಿ ಕುಳಿತು ಮೊಬೈಲನ್ನು ತುಟಿಯ ಹತ್ತಿರ ಹಿಡಿದು, ತವರಿನ ಬಾಯಿಯನ್ನು ಬಿಚ್ಚುತ್ತಿದ್ದಳು. ನಗುತ್ತಿದ್ದಳು, ಬೈಯುತ್ತಿದ್ದಳು, ಹಾಡಿನ ಸಾಲು ಹೇಳಿ ಅದರ ಹುಳುಕು ತೆಗೆಯುತ್ತಿದ್ದಳು. ಆಮೇಲೆ ಅದನ್ನು ಯೂಟ್ಯೂಬಿಗೆ ಹಾಕುತ್ತಿದ್ದಳು. ಚಾನೆಲ್ಲಿನ ಹೆಸರು ‘ಕಿವಿಗೊಟ್ಟಾಕಿ’. ಮುಖವಿಲ್ಲ, ಊರಿಲ್ಲ. ಚಿತ್ರದ ಜಾಗದಲ್ಲಿ ಒಂದು ತುಕ್ಕು ಹಿಡಿದ ತಗಡಿನ ಫೋಟೋ.

ತಗಡು ಯಾಕೆಂದರೆ ಅವಳು ಮಾತಾಡುತ್ತಿದ್ದದ್ದೆಲ್ಲ ‘ತಗಡ್ ಟೋಳಿ’ಯ ಬಗ್ಗೆ. ಸವಣೂರಿನ ತನ್ವೀರ, ಹಿರೇಕೆರೂರಿನ ಕೊಟ್ರೇಶ, ಇಬ್ಬರೂ ಸೇರಿ ಒಂದು ಗ್ಯಾರೇಜಿನ ತಗಡಿನ ಶೆಡ್ಡಿನಲ್ಲಿ ಕಟ್ಟಿದ ಹಿಪ್-ಹಾಪ್ ತಂಡ ಅದು. ತಾಳಕ್ಕೆ ತಗಡೇ ಬಡಿಯುತ್ತಿದ್ದರು. ಇದೆಂಥ ಪರದೇಶದ ಹುಚ್ಚು ಎಂದವರಿಗೆ ರಾಜಶ್ರೀ ಚಾನೆಲ್ಲಿನಲ್ಲಿ ಉತ್ತರ ಕೊಟ್ಟಿದ್ದಳು: “ಯಾಕ್ರಿ, ನಮ್ಮ ಗೀಗಿ ಮ್ಯಾಳದಾಗ ಹರದೇಶಿ ನಾಗೇಶಿ ಅಂತ ರಾತ್ರಿಪೂರಾ ಒಬ್ಬರಿಗೊಬ್ಬರು ಸವಾಲ್ ಹಾಕ್ತಿದ್ರಲ್ಲ, ಅದು ಯಾವ ದೇಶದಿಂದ ಬಂದಿತ್ತು?” ಅವಳನ್ನು ಕೇಳುವವರು ಇದ್ದದ್ದು ಒಂದಿಷ್ಟು ಜನ. ಆದರೆ ತಪ್ಪದೆ ಕೇಳುತ್ತಿದ್ದರು. ಮನೆಯವರಿಗೆ ಗೊತ್ತಾದರೆ ಮೊಬೈಲು ಅತ್ತೆಯ ಟ್ರಂಕು ಸೇರುತ್ತದೆ, ಭತ್ತದ ಕೋಣೆಗೆ ಕೀಲಿ ಬೀಳುತ್ತದೆ, ಆಮೇಲೆ ಉಳಿಯುವುದು ಬೊಗಸೆಯಷ್ಟು ಮಾತು ಮಾತ್ರ ಎಂದು ಅವಳಿಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಅವಳು ಟೋಳಿಯ ನಾಲ್ಕೂ ಆಲ್ಬಂಗಳನ್ನು ಒಳ್ಳೆಯದರಿಂದ ಕೆಟ್ಟದ್ದರ ತನಕ ಸಾಲಾಗಿ ನಿಲ್ಲಿಸುವ ಒಂದು ಕಂತು ಮಾಡಿದಳು.

“ಮೊದಲನೇ ಸ್ಥಾನ ‘ಹೈವೇ ದಾಟೂ ಮುಂದ’,” ಎಂದಳು. “ಇದಕ್ಕ ನಾ ಜಗಳಾಡಾಕೂ ತಯಾರ ಅದೇನಿ. ಶಿಗ್ಗಾಂವದ ಹೈವೇ ಬಾಜು ಬುಟ್ಟಿ ಹೊತ್ಕೊಂಡು ನಿಂತ ಹೆಣಮಗಳ ಹಾಡು ಐತಲ್ಲ, ಲಾರಿ ಹೊಕ್ಕಾವ, ಕಾರ ಹೊಕ್ಕಾವ, ಹಾಡ ಮುಗದ್ರೂ ಅಕಿ ದಾಟೂದಿಲ್ಲ. ದಾಟಿಸಿ ಬಿಟ್ಟಿದ್ರ ಅದು ಸಿನಿಮಾ ಹಾಡ ಆಗ್ತಿತ್ತು. ಎರಡನೇದು ಇವರ ಮೊದಲನೇ ಆಲ್ಬಂ, ‘ತಗಡಿನ ಮನಿ’. ರೆಕಾರ್ಡಿಂಗ್ ಹೊಲಸ ಐತಿ, ನಡಕ ಯಾವನೋ ಸ್ಕೂಟರ್ ಚಾಲೂ ಮಾಡ್ತಾನ, ಆದ್ರ ಹಸಿವು ಐತಿ ಅದರಾಗ. ಮೂರನೇದು ‘ಸಂತಿ ದಿನ’. ಅರ್ಧ ಚಲೋ, ಅರ್ಧ ಬರೇ ಗದ್ದಲ. ಇನ್ನ ಕೊನೀ ಸ್ಥಾನ, ಭಾಳ ಮಂದಿಗೆ ಸಿಟ್ಟು ಬರ್ತೈತಿ ಬರ್ಲಿ, ‘ಕೊಬ್ಬರಿ ಹಾರ’.”

ಸಿಟ್ಟು ಬರುವುದು ಯಾಕೆಂದು ಈ ಸೀಮೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ದೀಪಾವಳಿಯ ನಂತರ ಇಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ, ಕೋಡಿಗೆ ಬಲೂನು ಸಿಕ್ಕಿಸಿ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಹಾರ ಹರಿಯಲು ಸಾವಿರ ಕೈ ಮುಂದೆ ಬರುತ್ತವೆ. ಯಾರ ಕೈಗೂ ಸಿಗದೆ ಪಾರಾದದ್ದು ಗೆದ್ದ ಹಾಗೆ. ಒಂದೊಂದು ಹೋರಿಗೂ ಹೆಸರಿದೆ, ಅಭಿಮಾನಿ ಬಳಗವಿದೆ, ಬಳಗಕ್ಕೆ ಟೀಶರ್ಟು ಇದೆ. ಈಗ ಹಾಡೂ ಬೇಕು. ‘ಕೊಬ್ಬರಿ ಹಾರ’ ಹೋರಿಯ ಮಾಲಕರೇ ಹೇಳಿ ಮಾಡಿಸಿದ ಆಲ್ಬಂ, ಹೋರಿಗೊಂದು ಹಾಡು. ಅದರ ಮೊದಲ ಹಾಡೇ ‘ಗುಡುಗು’. ಗುಡುಗು ಎಂದರೆ ಫಕ್ಕೀರಪ್ಪನವರ ಹೋರಿ. ರಾಜಶ್ರೀ ದಿನಾ ಎರಡು ಹೊತ್ತು ಹುಲ್ಲು, ಹುರುಳಿ ನುಚ್ಚು ಹಾಕುತ್ತಿದ್ದ ಹೋರಿ.

“ಆ ಹಾಡಿನ್ಯಾಗ ಕೋಡು ಐತಿ, ಡುಬ್ಬ ಐತಿ, ಮಾಲಕರ ಹೆಸರು ಐದು ಸಲ ಐತಿ,” ಎಂದಿದ್ದಳು ಅವಳು. “ಹೋರಿ ಎಲ್ಲೈತಿ? ಅದು ಹೆದರಿ ಓಡತೈತ್ರಿ. ಜೀವ ಉಳಸ್ಕೊಳ್ಳಾಕ ಓಡತೈತಿ. ಹೆದರಿಕೀನ ಶೌರ್ಯ ಅಂತ ಹಾಡಿ ಮಾಲಕರ ಮೀಸಿಗೆ ಎಣ್ಣಿ ಹಚ್ಚಿದ್ರ ಅದು ಹಾಡಲ್ಲ, ಬ್ಯಾನರ್.”

ಎಂದಿನಂತೆ ಒಂದಿಷ್ಟು ಜನ ಕೇಳಿ ಮುಗಿಯಬೇಕಿತ್ತು. ಆದರೆ ಆ ಕಂತು ಅದು ಹೇಗೋ ತನ್ವೀರನ ಕಿವಿಗೆ ಬಿದ್ದಿತು. ಅವನು ಅದನ್ನು ತಮ್ಮ ತಂಡದ ಪುಟದಲ್ಲೇ ಹಂಚಿಕೊಂಡು, “ಅಕ್ಕ ಹೇಳಿದ್ದು ಖರೆ. ಅದನ್ನ ನಾವು ಹೊಟ್ಟಿಪಾಡಿಗೆ ಮಾಡಿದ್ವಿ” ಎಂದು ಬರೆದುಬಿಟ್ಟ. ಮರುದಿನದ ಹೊತ್ತಿಗೆ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಹೋರಿ ಇದ್ದ ಮನೆಗಳಲ್ಲೆಲ್ಲ ರಾಜಶ್ರೀಯ ಧ್ವನಿ ಕೇಳುತ್ತಿತ್ತು. ಅವಳ ಮನೆಯಲ್ಲೂ ಕೇಳಿತು.

ಮೈದುನ ಸಂಜಯ ಗುಡುಗು ಅಭಿಮಾನಿ ಬಳಗದ ಅಧ್ಯಕ್ಷ. ಅವನೇ ಅದನ್ನು ತಂದು ಪಡಸಾಲೆಯಲ್ಲಿ ದೊಡ್ಡ ಸ್ಪೀಕರಿಗೆ ಹಚ್ಚಿದ. ಬಳಗದವರು ಕಟ್ಟೆಯ ಮೇಲೆ, ಮಾವ ಕುರ್ಚಿಯಲ್ಲಿ, ಗಂಡ ಕಂಬಕ್ಕೆ ಒರಗಿ. ರಾಜಶ್ರೀ ಚಹಾದ ತಟ್ಟೆ ಹಿಡಿದು ಒಳಗಿಂದ ಬರುವುದಕ್ಕೂ ಅವಳದೇ ನಗು ಸ್ಪೀಕರಿನಿಂದ ಹೊರಗೆ ಬರುವುದಕ್ಕೂ ಸರಿಹೋಯಿತು. ಮುಗಿಯಿತು ಎಂದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

ಯಾರೂ ಅವಳತ್ತ ತಿರುಗಲಿಲ್ಲ. ಒಬ್ಬೊಬ್ಬರೂ ಕಪ್ಪು ತೆಗೆದುಕೊಂಡರು.

“ಧಾರವಾಡದಾಕಿ ಇರ್ಬೇಕು. ಭಾಳ ಕಲ್ತಾಕಿ,” ಎಂದ ಒಬ್ಬ.

“ಹಿರೇಕೆರೂರ ಹೋರಿ ಪಾರ್ಟಿಯವ್ರು ರೊಕ್ಕಾ ಕೊಟ್ಟು ಮಾತಾಡಿಸ್ಯಾರ,” ಎಂದ ಸಂಜಯ. “ಅಕಿ ಸಿಗ್ಲಿ. ಗುಡುಗುನ ಮುಂದ ನಿಂದ್ರಿಸಿ ತಪ್ಪಾತು ಅನಸ್ತೇನಿ.”

ಪರಮೇಶ ಮಾತ್ರ ನಗುತ್ತಿದ್ದ. “ಏನ ಬಾಯಲೇ ಅಕೀದು! ಅರಳ ಹುರದಂಗ. ಇಂಥಾಕಿನ್ನ ಕಟ್ಕೊಂಡಾಂವಗ ಮನ್ಯಾಗ ಟಿವಿ ಬ್ಯಾಡ ನೋಡು.” ಎಲ್ಲರೂ ನಕ್ಕರು. ಹೇಳುತ್ತ ಹೇಳುತ್ತ ಅವನು ಹೆಂಡತಿಯ ಕೈಯಿಂದಲೇ ಕಪ್ಪು ತೆಗೆದುಕೊಂಡ.

ಅಡುಗೆಮನೆಗೆ ವಾಪಸು ಬಂದು ರಾಜಶ್ರೀ ಒಲೆಯ ಮುಂದೆ ಕುಕ್ಕರಿಸಿದಳು. ಸಿಕ್ಕಿಬೀಳಲಿಲ್ಲವೆಂದು ಮೊದಲು ಸಮಾಧಾನವಾಯಿತು. ಆಮೇಲೆ ಹೊಳೆಯಿತು. ಎರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನಿಗೆ ತನ್ನ ಧ್ವನಿ ಗೊತ್ತಿಲ್ಲ. ಅದು ಅವನ ತಪ್ಪೇ? ಅವನು ಕೇಳಿದ್ದಾದರೂ ಯಾವಾಗ? ಅವಳು ಅತ್ತಳು. ವೀರವ್ವ ಬಂದು ನೋಡಿದಾಗ ಉಳ್ಳಾಗಡ್ಡಿ ಹೆಚ್ಚುತ್ತಿದ್ದೇನೆಂದು ತೋರಿಸಿದಳು.

ಕಥೆ ಇಲ್ಲಿಗೆ ನಿಂತಿದ್ದರೆ ಅವಳು ಪಾರಾದಂತೆಯೇ. ಆದರೆ ಫಕ್ಕೀರಪ್ಪನವರಿಗೆ ನಿದ್ದೆ ಹತ್ತಲಿಲ್ಲ. ಸಂತೆಗೆ ಹೋದರೆ ಅಕ್ಕಿಆಲೂರಿನಲ್ಲಿ ಯಾರೋ “ಏನ್ರಿ ಗೌಡ್ರ, ಬ್ಯಾನರ್ ಹೆಂಗದಾನ?” ಎಂದು ಗುಡುಗುವಿನ ಯೋಗಕ್ಷೇಮ ಕೇಳಿದ್ದರು. ಹೋರಿಗೆ ಅಂದರೆ ಮಾಲಕನಿಗೆ ಅಂದಂತೆ. ಅವರು ಮನೆಗೆ ಬಂದು ರುಮಾಲು ಗೂಟಕ್ಕೆ ಹಾಕುವ ಮೊದಲೇ ಹೇಳಿದರು: “ಅದಕ್ಕ ಉತ್ತರ ಹೋಗಬೇಕು. ಅದ ಯೂಟ್ಯೂಬಿನ್ಯಾಗ ಹೋಗಬೇಕು.”

“ಗಂಡಸ್ರು ಮಾತಾಡಿದ್ರ ಹೆಣಮಗಳಿಗೆ ಜಬರ್ದಸ್ತಿ ಮಾಡಾಕತ್ತಾರ ಅಂತಾರಪ್ಪ,” ಎಂದ ಸಂಜಯ. “ಹೆಣ್ಣಿನ ಬಾಯಿಗೆ ಹೆಣ್ಣಿನ ಬಾಯೇ ಬೇಕು.”

ಬಾಗಿಲ ಹಿಂದೆ ನಿಂತಿದ್ದ ವೀರವ್ವ ಗಂಡನ ಮರ್ಯಾದೆ ಉಳಿಸುವ ಉಮೇದಿನಲ್ಲಿ ಅಂದಳು: “ನಮ್ಮ ರಾಜಶ್ರೀ ಕಾಲೇಜ್ ಕಲ್ತಾಳಲ್ಲ. ಬರದ ಕೊಡ್ರಿ, ಓದ್ತಾಳ.”

ಪಡಸಾಲೆಯಲ್ಲಿ ಎಲ್ಲರಿಗೂ ಈ ಮಾತು ಒಪ್ಪಿಗೆಯಾಯಿತು. ಮಾವ ಗೋಡೆಯ ಕಡೆ ನೋಡಿ, “ಮನಿ ಮರ್ಯಾದಿ ಪ್ರಶ್ನೆ. ಒಂದ ಸಲಕ್ಕ ಏನಾಗೂದಿಲ್ಲ” ಎಂದರು. ಗೋಡೆ ಸುಮ್ಮನಿತ್ತು, ಸೊಸೆಯೂ ಸುಮ್ಮನಿದ್ದಳು. ಸುಮ್ಮನಿದ್ದರೆ ಒಪ್ಪಿದಂತೆ ಎಂದು ಆ ಮನೆಯಲ್ಲಿ ಮೊದಲಿನಿಂದಲೂ ಲೆಕ್ಕ.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ಅವಳದಾಯಿತು. ಒಲ್ಲೆ ಎಂದರೆ ಯಾಕೆ ಎನ್ನುತ್ತಾರೆ. ಆಯಿತು ಎಂದು ಬಾಯಿ ಬಿಟ್ಟರೆ, ಆ ಸ್ಪೀಕರಿನ ಧ್ವನಿ ಇನ್ನೂ ಕಿವಿಯಲ್ಲಿರುವಾಗ, ಎರಡೂ ಒಂದೇ ಎಂದು ತಿಳಿಯಲು ಎಷ್ಟು ಹೊತ್ತು? ಗಂಟಲು ಕೆಟ್ಟಿದೆ ಎಂದು ಸನ್ನೆ ಮಾಡಿದಳು. ವೀರವ್ವ ಶುಂಠಿ ಕಷಾಯ ಮಾಡಿದಳು, ಗಂಡ ಹಾನಗಲ್ಲಿನಿಂದ ಜೇನುತುಪ್ಪ ತಂದ, ಮಾವ ಎರಡು ದಿನ ಅವಳ ಕೈಯಲ್ಲಿ ಕೆಲಸ ಮಾಡಿಸಬೇಡಿರೆಂದು ಗೋಡೆಗೆ ತಾಕೀತು ಮಾಡಿದರು. ಅವರ ಪ್ರೀತಿಗೆ ಅವಳ ಗಂಟಲು ಗುಣವಾಗಲೇಬೇಕಾಯಿತು. ತವರಿಗೆ ಫೋನು ಮಾಡಿ ನಾಲ್ಕು ದಿನ ಬಂದು ಹೋಗುತ್ತೇನೆಂದಳು. “ಹಬ್ಬಕ್ಕ ಬಂದಿದ್ದಿಯಲ್ಲವಾ, ಪದೇ ಪದೇ ಬಂದ್ರ ಮಂದಿ ಏನಂತಾರ” ಎಂದಳು ತಾಯಿ. ಭತ್ತದ ಕೋಣೆಯಲ್ಲಿ ಕುಳಿತು ಚಾನೆಲ್ಲನ್ನೇ ಅಳಿಸಿಬಿಡೋಣವೆಂದು ಬೆರಳಿಟ್ಟಳು. ಅಳಿಸಿದರೆ ತಾನು ಈ ಮನೆಯಲ್ಲಿ ಬದುಕಿದ್ದಕ್ಕೆ ಬೇರೆ ಸಾಕ್ಷಿಯೇ ಇರುವುದಿಲ್ಲ ಎನ್ನಿಸಿ ಬೆರಳು ತೆಗೆದಳು.

ಸಂಜಯ ಬರೆದುಕೊಂಡು ಬಂದ. ಅವನಿಗೆ ಟೋಳಿಯ ಹಾಡು ‘ಗುಡುಗು’ ಒಂದು ಬಿಟ್ಟರೆ ಇನ್ನೊಂದು ಗೊತ್ತಿರಲಿಲ್ಲ. ಹಾಗಾಗಿ ಕಿವಿಗೊಟ್ಟಾಕಿಯ ಸಾಲನ್ನೇ ತಲೆಕೆಳಗು ಮಾಡಿದ್ದ. ಕೊನೆಯದು ಮೊದಲು, ಮೊದಲನೆಯದು ಕೊನೆಗೆ. ‘ಹೈವೇ ದಾಟೂ ಮುಂದ’ ಅತ್ಯಂತ ಕೆಟ್ಟ ಆಲ್ಬಂ, ಅದರಲ್ಲಿ ಬುಟ್ಟಿ ಹೊತ್ತವಳು ರಸ್ತೆ ದಾಟಲೂ ಬರದ ದಡ್ಡಿ ಎಂದು ಬರೆದಿದ್ದ. ರಾಜಶ್ರೀ ಆ ಸಾಲನ್ನು ಎರಡು ಸಲ ಓದಿ ಕಾಗದ ಮಡಚಿದಳು.

ಚಿತ್ರೀಕರಣ ದನದ ಕೊಟ್ಟಿಗೆಯ ಮುಂದೆ. ಸೊಸೆಯ ಪಕ್ಕದಲ್ಲಿ ಗುಡುಗು ನಿಲ್ಲಬೇಕು ಎಂದು ತೀರ್ಮಾನ. ಹೋರಿಗೆ ಮೈ ತೊಳೆದು ಕೊಬ್ಬರಿ ಹಾರ ಹಾಕಿದರು. ಹಾರ ಕೊರಳಿಗೆ ಬಿದ್ದದ್ದೇ ತಡ, ಅದರ ಮೈ ನಡುಗತೊಡಗಿತು. ಪಾಪ, ಅದಕ್ಕೆ ಯೂಟ್ಯೂಬು ಏನು ಗೊತ್ತು? ಹಾರ ಬಿತ್ತೆಂದರೆ ಸಾವಿರ ಕೈ ಬರುತ್ತವೆ ಎಂದು ಮಾತ್ರ ಗೊತ್ತು. ರಾಜಶ್ರೀ ಮೂಗಿನಿಂದ ಸಣ್ಣ, ಕೀರಲು ಧ್ವನಿ ತೆಗೆದು ಓದತೊಡಗಿದಳು. ಹೋರಿ ಹಗ್ಗ ಜಗ್ಗಿ ಮೊಬೈಲಿನ ಸ್ಟ್ಯಾಂಡು ಒದೆಯಿತು. ಮತ್ತೆ ನಿಲ್ಲಿಸಿದರು, ಮತ್ತೆ ಒದೆಯಿತು. ಬಳಗದ ಇಬ್ಬರು ಮೂಗುದಾರ ಹಿಡಿದರೂ ನಿಲ್ಲಲಿಲ್ಲ.

“ಯವ್ವಾ, ನೀ ದಿನಾ ಹುಲ್ಲು ಹಾಕೂ ಮುಂದ ಅದರ ಕೂಡ ಏನೋ ಗುಣುಗುಣು ಅಂತಿಯಲ್ಲ,” ಎಂದಳು ವೀರವ್ವ. “ಹಂಗ ಅನ್ನು. ನಿಲ್ತೈತಿ ಅದು.”

ರಾಜಶ್ರೀ ಹೋರಿಯ ಕಡೆ ನೋಡಿದಳು. ಅದರ ಕಣ್ಣಿನ ಬಿಳಿ ಕಾಣುತ್ತಿತ್ತು. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಅದರ ಕೊರಳಿನ ಮೇಲೆ ಕೈಯಿಟ್ಟು ತನ್ನ ಸ್ವಂತ ಧ್ವನಿಯಲ್ಲಿ, ದಿನವೂ ಹೇಳುವಂತೆ, “ಏನಿಲ್ಲೋ, ಏನಿಲ್ಲ, ನಾ ಇಲ್ಲೇ ಅದೇನಿ” ಎಂದಳು. ಹೋರಿ ನಿಂತಿತು. ನಡುಕ ಇಳಿಯಿತು. “ಹಂಗ ಓದ್ರಿ ವೈನಿ, ಅದ ಧ್ವನಿಲೆ ಓದ್ರಿ!” ಎಂದು ಸಂಜಯ ಪಿಸುಗುಟ್ಟಿದ. ಅದೇ ಧ್ವನಿಯಲ್ಲಿ ಅವಳು ಓದಿದಳು. ನಿಲ್ಲಿಸಿದರೆ ಹೋರಿ ಬೆದರುತ್ತದೆ, ಹಾಗಾಗಿ ನಿಲ್ಲಿಸುವಂತಿಲ್ಲ. ಕೊಬ್ಬರಿ ಹಾರ ಮೊದಲ ಸ್ಥಾನ ಎಂದಳು. ಬುಟ್ಟಿ ಹೊತ್ತವಳು ದಡ್ಡಿ ಎಂದಳು. ತನ್ನ ನಾಲಿಗೆ ತನಗೇ ಹೇಸಿಗೆಯಾಯಿತು.

ಓದಿ ಮುಗಿಸಿ ಕಣ್ಣೆತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಹೋರಿ ಒದೆಯದೆ ನಿಂತದ್ದನ್ನೇ ಅವರೆಲ್ಲ ನೋಡಿದ್ದರು.

ವೀಡಿಯೋ ಗುಡುಗು ಬಳಗದ ಪುಟಕ್ಕೆ ಹೋಯಿತು. ಮರುದಿನ ಸಂಜೆ ಪಡಸಾಲೆಯಲ್ಲಿ ಮತ್ತೆ ಎಲ್ಲರೂ ಸೇರಿದರು. ಸಂಜಯ ಮೊಬೈಲು ಹಿಡಿದು ಕೆಳಗೆ ಜನ ಬರೆದದ್ದನ್ನು ಒಂದೊಂದಾಗಿ ಓದತೊಡಗಿದ, ಫಕ್ಕೀರಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ರಾಜಶ್ರೀ ಒಳಬಾಗಿಲ ಹತ್ತಿರ ಗೋಧಿ ಹಸನು ಮಾಡುತ್ತ ಕುಳಿತಿದ್ದಳು.

“‘ಗುಡುಗು ಅಣ್ಣಗ ಜೈ.’ ‘ಹೋರಿ ಅಂದ್ರ ಹಾನಗಲ್ಲ ಹೋರಿ.’ ‘ತಕ್ಕ ಉತ್ತರ ಕೊಟ್ರಿ ತಂಗಿ.’” ಸಂಜಯ ಉಬ್ಬಿದ. ಮುಂದಿನದನ್ನು ಓದಿ ನಕ್ಕ. “ಇಲ್ಲೊಬ್ಬ ಹುಚ್ಚ ಅದಾನ ನೋಡಪ್ಪ. ‘ಇದು ಕಿವಿಗೊಟ್ಟಾಕಿ ಅಕ್ಕನ ಧ್ವನಿ’ ಅಂತ.” ಇನ್ನೊಂದನ್ನು ಓದಿದ. “‘ಹೌದು, ಅಕೀನ. ನಂಗೂ ಹಂಗ ಅನಸ್ತು.’” ಅವನ ನಗು ಸಣ್ಣದಾಯಿತು. “‘ಅಕ್ಕಾ, ನೀ ಹಿಂಗ ಯಾಕ ಮಾತಾಡಾಕತ್ತಿ?’ ‘ಅಕ್ಕಾ, ಹೈವೇ ಆಲ್ಬಂ ಕೆಟ್ಟದ್ದಂತ ನೀ ಅನ್ನಾಕಿ ಅಲ್ಲ.’” ಅವನು ಬೆರಳಿನಿಂದ ಮೇಲೆ ಸರಿಸುತ್ತ ಹೋದ. ಅವು ಮುಗಿಯುತ್ತಿರಲಿಲ್ಲ.

“ಮುಂದ ಓದು,” ಎಂದರು ಫಕ್ಕೀರಪ್ಪ. ಕಣ್ಣು ಇನ್ನೂ ಮುಚ್ಚಿತ್ತು.

ಸಂಜಯ ಸಣ್ಣ ಧ್ವನಿಯಲ್ಲಿ ಓದಿದ. “ಸವಣೂರಿನ ದಿಲ್ಶಾದ ಅಂತ ಯಾರೋ. ‘ಅಕ್ಕಾ, ನಾ ದಿನಾ ಮಶೀನ್ ಮ್ಯಾಲೆ ಬಟ್ಟಿ ಹೊಲಿಯೂ ಮುಂದ ನಿನ್ನ ಮಾತ ಕೇಳ್ತೇನಿ. ನಿನ್ನ ಧ್ವನಿ ನನಗ ನಮ್ಮ ಅಕ್ಕನ ಧ್ವನಿಗಿಂತ ಗುರುತು. ನೀ ಓದಿದ್ದು ನಿನ್ನ ಮಾತಲ್ಲ. ನಿನಗ ಯಾರರ ಒತ್ತಾಯ ಮಾಡ್ಯಾರೇನು? ನೀ ಅಲ್ಲಿ ಆರಾಮ ಅದೀಯಿಲ್ಲೋ?’”

ಕಂಬಕ್ಕೆ ಒರಗಿದ್ದ ಪರಮೇಶ ಮೆಲ್ಲಗೆ ತಿರುಗಿ ಹೆಂಡತಿಯನ್ನು ನೋಡಿದ. ಹೆಣ್ಣು ನೋಡಲು ಹೋದ ದಿನವೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ. ವೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಳಗದವರು ನೆಲ ನೋಡಿದರು. ರಾಜಶ್ರೀಯ ಮೊರದಲ್ಲಿ ಗೋಧಿ ಅಲುಗದೆ ಕುಳಿತಿತ್ತು. ಮೊಬೈಲು ಹೋಯಿತು, ಭತ್ತದ ಕೋಣೆ ಹೋಯಿತು ಎಂದು ಅವಳು ಮನಸ್ಸಿನಲ್ಲೇ ಎಲ್ಲವನ್ನೂ ಬಿಟ್ಟುಕೊಟ್ಟಳು. ಆದರೆ ಆ ಪ್ರಶ್ನೆ ಅವಳ ಎದೆಯಲ್ಲೇ ನಿಂತಿತ್ತು. ಎರಡು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ಅದನ್ನು ಅವಳಿಗೆ ಕೇಳಿರಲಿಲ್ಲ.

ಫಕ್ಕೀರಪ್ಪ ಕಣ್ಣು ತೆರೆದರು. ಅವರು ಸೊಸೆಯ ಕಡೆ ನೋಡಲಿಲ್ಲ, ಮಗನ ಕಡೆಯೂ ನೋಡಲಿಲ್ಲ. ಎದುರಿನ ಗೋಡೆಗೆ ಹೇಳಿದರು.

“ಬರೀ. ಆರಾಮ ಅದಾಳ ಅಂತ ಬರೀ.”

ಸಂಜಯ ಹೆಬ್ಬೆರಳು ಎತ್ತಿದ.

“ಬರೀಬ್ಯಾಡ,” ಎಂದಳು ರಾಜಶ್ರೀ. ಅವಳು ಎದ್ದು ನಿಂತಿದ್ದಳು. ಧ್ವನಿ ಕೂಗಿದ್ದಲ್ಲ, ನಡುಗಿದ್ದೂ ಅಲ್ಲ. ಸ್ಪೀಕರಿನಲ್ಲಿ ಅವರೆಲ್ಲ ಕೇಳಿ ಬೈದಿದ್ದ ಅದೇ ಧ್ವನಿ. “ಆರಾಮ ಇಲ್ಲ ನಾನು.”